ನಗರದ ಬದುಕು ಮತ್ತು ನೆರೆಯವನ ಹಕ್ಕು

ಜೂನ್ ತಿಂಗಳು ಸಮೀಪಿಸಿತೆಂದರೆ ಮಂಗಳೂರಿನ ಸಾಮಾನ್ಯ ಕುಟುಂಬದ ಯಜಮಾನನಿಗೆ ಚಿಂತೆ ಆರಂಭವಾಗುತ್ತದೆ. ಮಕ್ಕಳ ಶಾಲಾ ಶುಲ್ಕ, ಸಮವಸ್ತ್ರ, ಪುಸ್ತಕ, ಕೊಡೆ ಎಲ್ಲವೂ ಒಂದೇ ವಾರದಲ್ಲಿ ಕೈಚಾಚಿ ನಿಲ್ಲುತ್ತವೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ರಜೆ ಇರುವುದರಿಂದ ಬಂಗುಡೆ, ಬೂತಾಯಿಗಳು ಬಡವನ ಬಟ್ಟಲಿನಿಂದ ದೂರ ಸರಿಯುತ್ತವೆ. ಮಳೆಗಾಲದಲ್ಲಿ ಮೇಸ್ತ್ರಿಗೂ ಬಣ್ಣ ಬಳಿಯುವವನಿಗೂ ಕೆಲಸ ಕಡಿಮೆ. ಹನ್ನೊಂದು ತಿಂಗಳ ಕರಾರು ಮುಗಿಯುವ ಕಾಲವೂ ಅದೇ ಆಗಿದ್ದರೆ, ಮನೆಯ ಮಾಲಕನ ಫೋನ್ ಬಂದಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಓದುಗರೇ, ಮುಂದಿನ ಶುಕ್ರವಾರ ಜುಮಾ ನಮಾಝಿಗೆ ನಿಂತಾಗ ನಿಮ್ಮ ಬಲಗಡೆ ನಿಂತವನ ಬಗ್ಗೆ ಒಂದು ಕ್ಷಣ ಯೋಚಿಸಿರಿ. ಅವನ ಭುಜ ನಿಮ್ಮ ಭುಜಕ್ಕೆ ತಾಗಿದೆ. ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದ್ದೀರಿ. ಆದರೆ ಅವನು ಅಂಗಡಿಯೊಂದರಲ್ಲಿ ಸಂಬಳಕ್ಕೆ ದುಡಿಯುವವನು. ಅವನ ಪತ್ನಿ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಮುಂದಿನ ತಿಂಗಳಿನಿಂದ ಬಾಡಿಗೆ ಸಾವಿರ ರೂಪಾಯಿ ಹೆಚ್ಚು ಕೊಡಬೇಕು, ಇಲ್ಲವೇ ಮನೆ ಬಿಡಬೇಕು ಎಂದು ಅವನಿಗೆ ನಿನ್ನೆ ತಿಳಿಸಲಾಗಿದೆ ಎಂದು ಭಾವಿಸೋಣ. ಹಾಗೆ ತಿಳಿಸಿದವನು ಎರಡು ಸಫ್ ಮುಂದೆ ನಿಂತಿರಬಹುದು. ಅದು ನೀವೇ ಆಗಿರಲೂಬಹುದು.

ಮಂಗಳೂರಿನಂತಹ ನಗರವನ್ನು ಜನರು ಮೆಚ್ಚುವುದಕ್ಕೆ ಕಾರಣಗಳಿವೆ. ಇದು ಬೆಂಗಳೂರಿನಂತೆ ಮನುಷ್ಯನನ್ನು ನುಂಗುವಷ್ಟು ದೊಡ್ಡದಲ್ಲ, ಅವಕಾಶಗಳೇ ಇಲ್ಲದಷ್ಟು ಚಿಕ್ಕದೂ ಅಲ್ಲ. 2011ರ ಜನಗಣತಿಯಲ್ಲಿ ನಗರ ಮತ್ತು ಅದಕ್ಕೆ ಹೊಂದಿಕೊಂಡ ಪ್ರದೇಶಗಳ ಜನಸಂಖ್ಯೆ 6 ಲಕ್ಷ ದಾಟಿತ್ತು. 1953ರಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1960ರಲ್ಲಿ ಸುರತ್ಕಲ್‌ನಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು, 1970ರ ದಶಕದಲ್ಲಿ ಪಣಂಬೂರಿನಲ್ಲಿ ತಲೆಯೆತ್ತಿದ ನವಮಂಗಳೂರು ಬಂದರು - ಇವೆಲ್ಲ ದೂರದೂರದ ಜನರನ್ನು ಇಲ್ಲಿಗೆ ಕರೆತಂದವು. ಆಸ್ಪತ್ರೆ, ಶಾಲೆ, ಮಸೀದಿ, ಪೇಟೆ, ಕಡಲು ಎಲ್ಲವೂ ಹತ್ತಿರ.

ಆದರೆ ಊರಿನ ಗುಣವೇ ಊರಿನ ಬೆಲೆಯನ್ನೂ ಏರಿಸುತ್ತದೆ. ಬಂದವರಿಗೆಲ್ಲ ತಲೆಯ ಮೇಲೆ ಸೂರು ಬೇಕು. ಒಂದು ಕಾಲದಲ್ಲಿ ಹಂಚಿನ ಮನೆ, ಹಿತ್ತಿಲು, ಬಾವಿ ಇದ್ದ ಹತ್ತು ಸೆಂಟ್ಸ್ ಜಾಗದಲ್ಲಿ ಇಂದು ಬಹುಮಹಡಿ ಕಟ್ಟಡ ನಿಂತಿದೆ. ಇಲ್ಲಿಯೇ ಹುಟ್ಟಿ ಬೆಳೆದವನು ಬಾಡಿಗೆ ಕೈಗೆಟುಕದೆ ಇನ್ನೂ ದೂರಕ್ಕೆ ಸರಿಯುತ್ತಾನೆ. ದೂರ ಸರಿದಷ್ಟೂ ಬಸ್ಸಿನ ಖರ್ಚು ಹೆಚ್ಚುತ್ತದೆ. 2023ರ ಜೂನ್‌ನಿಂದ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದ್ದರೂ ಈ ನಗರದೊಳಗೆ ಓಡಾಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು.

ಇದೆಲ್ಲ ಸರಕಾರದ ವಿಷಯ, ಅರ್ಥಶಾಸ್ತ್ರಜ್ಞರ ವಿಷಯ, ಇದರಲ್ಲಿ ಧರ್ಮಕ್ಕೇನು ಕೆಲಸ ಎಂದು ನೀವು ಕೇಳಬಹುದು. ಸರಕಾರದ ಹೊಣೆ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಬೆಲೆಯೇರಿಕೆಯ ಒಂದು ಪಾಲನ್ನು ನಾವೇ ಒಬ್ಬರ ಮೇಲೊಬ್ಬರು ಹೇರುತ್ತಿದ್ದೇವೆ. ಆ ಪಾಲಿನ ಬಗ್ಗೆ ಸರಕಾರ ನಮ್ಮನ್ನು ಪ್ರಶ್ನಿಸದು. ಅಲ್ಲಾಹನು ಪ್ರಶ್ನಿಸುವನು.

ನೆಮ್ಮದಿಯ ಅಳತೆಗೋಲು

ಉತ್ತಮ ಬದುಕು ಎಂದರೇನು? ಪ್ರವಾದಿ ಮುಹಮ್ಮದ್(ಸ)ರು ಇದಕ್ಕೆ ಅತ್ಯಂತ ಸರಳವಾದ ಅಳತೆಗೋಲನ್ನು ನೀಡಿದ್ದಾರೆ. ತನ್ನವರ ಮಧ್ಯೆ ನಿರ್ಭಯನಾಗಿ, ದೇಹದಲ್ಲಿ ಆರೋಗ್ಯವಿದ್ದು, ಆ ದಿನದ ಆಹಾರ ಕೈಯಲ್ಲಿದ್ದು ಬೆಳಗನ್ನು ಕಂಡವನಿಗೆ ಇಡೀ ಜಗತ್ತೇ ದೊರೆತಂತಾಯಿತು ಎಂಬುದು ಅವರ ಬೋಧನೆಯ ಸಾರ. ಇನ್ನೊಂದು ಸಂದರ್ಭದಲ್ಲಿ ಅವರು ಮನುಷ್ಯನ ಸೌಭಾಗ್ಯಗಳಲ್ಲಿ ನಾಲ್ಕನ್ನು ಹೆಸರಿಸಿದರು: ಸುಶೀಲೆಯಾದ ಪತ್ನಿ, ವಿಶಾಲವಾದ ಮನೆ, ಉತ್ತಮ ನೆರೆಯವನು ಮತ್ತು ಸುಖಕರವಾದ ವಾಹನ.

ಈ ಪಟ್ಟಿಯನ್ನು ಗಮನಿಸಿರಿ. ಇಸ್ಲಾಮ್ ಮನುಷ್ಯನಿಗೆ ಇಕ್ಕಟ್ಟಿನಲ್ಲಿ ಬದುಕೆಂದು ಹೇಳುವುದಿಲ್ಲ. ಮನೆಯೂ ವಾಹನವೂ ಅದರಲ್ಲಿವೆ. ಅವನ್ನು ಬಯಸುವುದು ದುರಾಸೆಯಲ್ಲ. ಆದರೆ ವಿಶಾಲವಾದ ಮನೆಯ ಮಗ್ಗುಲಲ್ಲೇ ಉತ್ತಮ ನೆರೆಯವನನ್ನು ಇಡಲಾಗಿದೆ. ನಾವು ಮನೆಯನ್ನು ನೋಡಲು ಹೋದಾಗ ಎಷ್ಟು ಕೋಣೆಗಳಿವೆ, ನೀರು ಬರುತ್ತದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ ಎಂದೆಲ್ಲ ವಿಚಾರಿಸುತ್ತೇವೆ. ನೆರೆಯವನಾಗಿ ನಾನು ಹೇಗಿರುವೆನು ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದಿಲ್ಲ. ಮನೆಯ ವೈಶಾಲ್ಯಕ್ಕೆ ಹಣ ಬೇಕು. ಉತ್ತಮ ನೆರೆಯವನಾಗಲು ಹಣ ಬೇಕೆಂದಿಲ್ಲ. ನಾಲ್ಕು ಸೌಭಾಗ್ಯಗಳಲ್ಲಿ ಬಡವನೂ ಇನ್ನೊಬ್ಬರಿಗೆ ನೀಡಬಹುದಾದ ಸೌಭಾಗ್ಯ ಅದು.

ಮದೀನದ ಮಾರುಕಟ್ಟೆ

ಕ್ರಿ.ಶ. 622ರಲ್ಲಿ ಪ್ರವಾದಿ(ಸ)ಯವರು ಮದೀನಕ್ಕೆ ಹಿಜ್‌ರತ್ ಮಾಡಿದಾಗ ಆ ಪಟ್ಟಣಕ್ಕೂ ಇಂತಹುದೇ ಸಮಸ್ಯೆ ಎದುರಾಯಿತು. ಮಕ್ಕಾದಿಂದ ಮನೆಮಠ ತೊರೆದು ಬಂದ ಮುಹಾಜಿರ್‌ಗಳಿಗೆ ವಸತಿ ಬೇಕಿತ್ತು, ದುಡಿಮೆ ಬೇಕಿತ್ತು. ಸೂರಿಲ್ಲದವರು ಮಸೀದಿಯ ಜಗಲಿಯಲ್ಲೇ ಮಲಗುತ್ತಿದ್ದರು. ಪ್ರವಾದಿ(ಸ)ಯವರು ಅನ್ಸಾರ್ ಮತ್ತು ಮುಹಾಜಿರ್‌ಗಳ ನಡುವೆ ಸಹೋದರ ಸಂಬಂಧವನ್ನು ಬೆಸೆದರು. ಹ. ಸಅದ್ ಬಿನ್ ರಬೀಅ್(ರ)ರು ತಮ್ಮ ಸಂಪತ್ತಿನ ಅರ್ಧವನ್ನು ಹ. ಅಬ್ದುರ್‍ರಹ್ಮಾನ್ ಬಿನ್ ಔಫ್(ರ)ರಿಗೆ ನೀಡಲು ಮುಂದಾದರು. ಅವರು ಸಅದ್‌ರಿಗಾಗಿ ಪ್ರಾರ್ಥಿಸಿ, ತನಗೆ ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕೆಂದರು. ಗಿಣ್ಣು ಮತ್ತು ತುಪ್ಪ ಮಾರಿ ತಮ್ಮ ಕಾಲ ಮೇಲೆ ನಿಂತರು. ಕೊಡುವವನ ಔದಾರ್ಯ, ಪಡೆಯುವವನ ಸ್ವಾಭಿಮಾನ - ಇವೆರಡೂ ಸೇರಿ ಆ ಪಟ್ಟಣವನ್ನು ಕಟ್ಟಿದವು.

ಒಮ್ಮೆ ಮದೀನದಲ್ಲಿ ಬೆಲೆಗಳು ಏರಿದವು. ಬೆಲೆ ನಿಗದಿಪಡಿಸಬೇಕೆಂದು ಜನರು ಪ್ರವಾದಿ(ಸ)ಯವರಲ್ಲಿ ಕೇಳಿಕೊಂಡರು. ಅವರು ಒಪ್ಪಲಿಲ್ಲ. ಬೆಲೆಯನ್ನು ಏರಿಸುವವನೂ ಇಳಿಸುವವನೂ ಅಲ್ಲಾಹನೆಂದೂ, ಯಾರೊಬ್ಬರ ಜೀವ ಅಥವಾ ಸೊತ್ತಿನ ವಿಷಯದಲ್ಲಿ ಅನ್ಯಾಯವೆಸಗಿದ ದೂರು ತನ್ನ ಮೇಲಿಲ್ಲದಂತೆ ಅವನನ್ನು ಭೇಟಿಯಾಗಲು ಬಯಸುತ್ತೇನೆಂದೂ ತಿಳಿಸಿದರು. ಮಾರುವವನಿಗೂ ಹಕ್ಕಿದೆ ಎಂಬುದನ್ನು ಅವರು ಮರೆಯಲಿಲ್ಲ.

ಹಾಗೆಂದು ಅವರು ವ್ಯಾಪಾರಿಗಳನ್ನು ಮನಬಂದಂತೆ ಬಿಡಲೂ ಇಲ್ಲ. ಬೆಲೆ ಏರಲೆಂದು ಧಾನ್ಯವನ್ನು ಅಡಗಿಸಿಡುವವನು ಪಾಪಿ ಎಂದರು. ಹಳ್ಳಿಯಿಂದ ಸರಕು ತರುವವರನ್ನು ಪಟ್ಟಣದ ಹೊರಗೇ ತಡೆದು, ಮಾರುಕಟ್ಟೆಯ ಬೆಲೆ ತಿಳಿಯುವ ಮೊದಲೇ ಕೊಂಡುಕೊಳ್ಳುವುದನ್ನು ನಿಷೇಧಿಸಿದರು. ಧಾನ್ಯದ ರಾಶಿಯೊಳಗೆ ಕೈ ತೂರಿಸಿ, ಒದ್ದೆಯಾದುದನ್ನು ಅಡಿಯಲ್ಲಿ ಮುಚ್ಚಿಟ್ಟವನನ್ನು ಎಚ್ಚರಿಸಿದರು. ಕೊಳ್ಳುವ ಇಚ್ಛೆಯಿಲ್ಲದೆ ಬೆಲೆ ಏರಿಸಲೆಂದೇ ಕೂಗುವ 'ನಜ್‌ಶ್' ಎಂಬ ಪದ್ಧತಿಯನ್ನು ತಡೆದರು. ಮಾರುಕಟ್ಟೆಯಲ್ಲಿ ಮುಂದೆ ಅನ್ಯಾಯ ಮಿತಿಮೀರಿ ಜನರು ತೊಂದರೆಗೊಳಗಾದರೆ ಆಡಳಿತವು ನ್ಯಾಯವಾದ ಬೆಲೆ ಕಟ್ಟಬಹುದೆಂದು ಇಮಾಮ್ ಇಬ್ನು ತೈಮಿಯ್ಯರಂತಹ ವಿದ್ವಾಂಸರು ವಿವರಿಸಿದ್ದಾರೆ.

ಈಗ ನಮ್ಮ ನಗರದ ಜಮೀನು ವ್ಯವಹಾರವನ್ನು ನೋಡಿರಿ. ಸೆಂಟ್ಸಿಗೆ ಇಷ್ಟು ಕೊಡಲು ಇನ್ನೊಬ್ಬರು ಸಿದ್ಧರಿದ್ದಾರೆ ಎಂದು ಇಲ್ಲದ ಗಿರಾಕಿಯನ್ನು ಸೃಷ್ಟಿಸುವ ದಲ್ಲಾಳಿ ಮಾಡುವುದು 'ನಜ್‌ಶ್' ಅಲ್ಲವೇ? ಗೋಡೆಯ ಸೋರಿಕೆಗೆ ಮೇಲಿಂದ ಬಣ್ಣ ಬಳಿದು, ಬೇಸಿಗೆಯಲ್ಲಿ ಮನೆ ತೋರಿಸಿ ಮುಂಗಡ ಪಡೆಯುವುದು ಒದ್ದೆ ಧಾನ್ಯವನ್ನು ಅಡಿಯಲ್ಲಿಟ್ಟುದಕ್ಕಿಂತ ಯಾವ ರೀತಿಯಲ್ಲಿ ಭಿನ್ನ? ಮಳೆ ಬಂದ ಮೇಲೆ ಪಾತ್ರೆ ಇಟ್ಟು ನೀರು ಹಿಡಿಯುವ ಆ ಕುಟುಂಬದ ದೂರು ಎಲ್ಲಿಗೆ ತಲಪುವುದೆಂದು ನಾವು ಯೋಚಿಸಿದ್ದೇವೆಯೇ?

ನೆರೆಕರೆಗಾಗಿ ಒಪ್ಪಿದ ನಷ್ಟ

ಹದೀಸ್ ಗ್ರಂಥಗಳಲ್ಲಿ ಮನೆ ಮಾರಾಟದ ಒಂದು ಪುಟ್ಟ ಘಟನೆ ಇದೆ. ಅದರ ಬಗ್ಗೆ ನಾವು ಹೆಚ್ಚು ಮಾತಾಡುವುದಿಲ್ಲ. ಪ್ರವಾದಿ(ಸ)ಯವರಿಂದ ದಾಸ್ಯವಿಮೋಚನೆ ಪಡೆದಿದ್ದ ಹ. ಅಬೂ ರಾಫಿಅ್(ರ)ರಿಗೆ ಹ. ಸಅದ್ ಬಿನ್ ಅಬೀ ವಕ್ಕಾಸ್(ರ)ರ ಹಿತ್ತಿಲಿನ ಆವರಣದಲ್ಲೇ ಎರಡು ಕೋಣೆಗಳಿದ್ದವು. ಅವನ್ನು ಕೊಂಡುಕೊಳ್ಳುವಂತೆ ಅವರು ಸಅದ್‌ರನ್ನು ಕೇಳಿದರು. ನಾಲ್ಕು ಸಾವಿರಕ್ಕಿಂತ ಹೆಚ್ಚು ಕೊಡಲಾರೆ, ಅದನ್ನೂ ಕಂತುಗಳಲ್ಲಿ ಕೊಡುವೆನೆಂದು ಸಅದ್ ಹೇಳಿದರು. ಅಬೂ ರಾಫಿಅ್‌ರಿಗೆ ಬೇರೆಯವರಿಂದ ಐನೂರು ದೀನಾರ್‌ಗಳು ಸಿಗುತ್ತಿದ್ದವು. ಒಂದು ದೀನಾರ್‌ಗೆ ಹತ್ತು ದಿರ್ಹಮ್ ಎಂದು ಹಿಡಿದರೂ ಅದು ಐದು ಸಾವಿರ ದಿರ್ಹಮ್‌ಗಳಾದವು. ಹೀಗಿದ್ದೂ ಅವರು ಸಅದ್‌ರಿಗೇ ಕೊಟ್ಟರು. ಸಾಮೀಪ್ಯದ ಕಾರಣದಿಂದ ನೆರೆಯವನಿಗೆ ಹೆಚ್ಚಿನ ಹಕ್ಕಿದೆಯೆಂದು ಪ್ರವಾದಿ(ಸ)ಯವರಿಂದ ಕೇಳಿರದಿದ್ದರೆ ತಾನು ಹೀಗೆ ಮಾಡುತ್ತಿರಲಿಲ್ಲವೆಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು.

ಗಮನಿಸಿರಿ, ಅಬೂ ರಾಫಿಅ್(ರ)ರು ಆ ಸಾವಿರ ದಿರ್ಹಮ್ ತನಗೆ ಬೇಡವಾಗಿತ್ತೆಂದು ನಟಿಸಲಿಲ್ಲ. ಅದು ನಷ್ಟವೆಂದು ಅವರಿಗೆ ಗೊತ್ತಿತ್ತು. ಪ್ರವಾದಿ(ಸ)ಯವರ ಒಂದು ಮಾತು ಆ ನಷ್ಟಕ್ಕಿಂತ ಹೆಚ್ಚು ತೂಗಿತು. ನಾವು ಎಷ್ಟೋ ಹದೀಸ್‌ಗಳನ್ನು ಕೇಳಿದ್ದೇವೆ. ಅವುಗಳಲ್ಲಿ ಒಂದಾದರೂ ನಮಗೆ ಸಾವಿರ ರೂಪಾಯಿಯ ನಷ್ಟವನ್ನು ಉಂಟುಮಾಡಿದೆಯೇ? ಯಾವ ಹದೀಸೂ ನಮ್ಮ ಕಿಸೆಯನ್ನು ಮುಟ್ಟಿಲ್ಲವೆಂದಾದರೆ ಅದು ನಮ್ಮ ಹೃದಯವನ್ನು ಮುಟ್ಟಿದೆ ಎನ್ನುವುದು ಹೇಗೆ?

ಸಾವಿರ ರೂಪಾಯಿ ಬಾಡಿಗೆ ಏರಿಸಿದರೆ ವರ್ಷಕ್ಕೆ ಹನ್ನೆರಡು ಸಾವಿರ. ಅನೇಕ ಮಾಲಕರಿಗೆ ಅದು ಮೊಬೈಲ್ ಫೋನ್ ಬದಲಿಸುವ ಹಣ. ಬಾಡಿಗೆದಾರನಿಗೆ ಅದು ಮಗಳ ಶಾಲಾ ಶುಲ್ಕ, ತಾಯಿಯ ಸಕ್ಕರೆ ಕಾಯಿಲೆಯ ಮದ್ದು. ಎಲ್ಲ ಮಾಲಕರೂ ಶ್ರೀಮಂತರಲ್ಲವೆಂಬುದೂ ನಿಜ. ಗಂಡನನ್ನು ಕಳಕೊಂಡು, ಮೇಲ್ಮಹಡಿಯ ಬಾಡಿಗೆಯಿಂದಲೇ ಒಲೆ ಉರಿಸುವ ಮಹಿಳೆಯರು ನಮ್ಮಲ್ಲಿದ್ದಾರೆ. ಅವರಿಗೆ ಬಾಡಿಗೆ ತಡಮಾಡುವುದು ಬಾಡಿಗೆದಾರನು ಎಸಗುವ ಅನ್ಯಾಯ. ಮಾತು ಕೊಟ್ಟ ದಿನ ಮನೆ ಬಿಡದಿರುವುದು, ಇನ್ನೊಬ್ಬನ ಗೋಡೆಯೆಂದು ಸಿಕ್ಕಲ್ಲಿ ಮೊಳೆ ಹೊಡೆಯುವುದು, ನೀರು ಪೋಲು ಮಾಡುವುದು - ಇವೂ ವಿಚಾರಣೆಗೆ ಒಳಪಡುವ ವಿಷಯಗಳೇ.

ಇನ್ನೊಂದು ಮಾತು. ಮನೆ ಹುಡುಕುತ್ತಾ ಹೋಗಿ, ಹೆಸರು ಹೇಳಿದೊಡನೆ ಬಾಗಿಲು ಮುಚ್ಚಿಸಿಕೊಂಡ ನೋವು ನಮ್ಮಲ್ಲಿ ಹಲವರಿಗಿದೆ. ಆ ನೋವು ನಮಗೆ ಕಲಿಸಬೇಕಾದುದೇನು? ನಾವು ಮನೆ ಕೊಡುವವರಾದಾಗ ಇನ್ನೊಬ್ಬರಿಗೆ ಅದೇ ನೋವನ್ನು ಕೊಡಬಾರದು. ಹ. ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ, ಯಹೂದಿಯಾಗಿದ್ದ ನೆರೆಯವನಿಗೆ ಪಾಲು ಕಳಿಸಿದಿರಾ ಎಂದು ಅವರು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸಿದರು. ನೆರೆಯವನು ವಾರಸುದಾರನೇ ಆಗಿಬಿಡುವನೋ ಎಂದು ಭಾಸವಾಗುವಷ್ಟರ ಮಟ್ಟಿಗೆ ದೇವಚರ ಜಿಬ್ರೀಲ್(ಅ)ರು ಪ್ರವಾದಿ(ಸ)ಯವರಿಗೆ ನೆರೆಯವನ ಬಗ್ಗೆ ಉಪದೇಶಿಸುತ್ತಿದ್ದರು ಎಂಬುದನ್ನು ಅವರು ಅದಕ್ಕೆ ಕಾರಣವಾಗಿ ಹೇಳಿದರು. ನೆರೆಯವನ ಹಕ್ಕಿಗೆ ಧರ್ಮದ ಗೋಡೆ ಇಲ್ಲ.

ರೂಮಾ ಬಾವಿ

ನಗರದ ಬದುಕಿನಲ್ಲಿ ಅಕ್ಕಿ-ಬಾಡಿಗೆಗಳಷ್ಟೇ ಮುಖ್ಯವಾದುದು ನೀರು. ಮಂಗಳೂರು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನ ನೀರನ್ನು ಅವಲಂಬಿಸಿದೆ. 2016 ಮತ್ತು 2019ರ ಬೇಸಿಗೆಯಲ್ಲಿ ನದಿ ಬತ್ತುತ್ತಾ ಬಂದು ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಗಿ ಬಂತು. ಧಾರಾಕಾರ ಮಳೆ ಸುರಿಯುವ ಊರಿನಲ್ಲಿ ಜನರು ಟ್ಯಾಂಕರಿಗಾಗಿ ಕಾದರು. ಹಣವಿದ್ದವನು ಕೊಂಡುಕೊಂಡನು. ಇಲ್ಲದವನು ಕೊಡ ಹಿಡಿದು ನೆರೆಯವನ ಬಾವಿಯ ಕಡೆ ನೋಡಿದನು.

ಹಿಜ್‌ರತ್‌ನ ಬಳಿಕ ಮದೀನದಲ್ಲಿ ಸಿಹಿನೀರಿಗಾಗಿ ಜನರು ರೂಮಾ ಬಾವಿಯನ್ನು ಅವಲಂಬಿಸಬೇಕಾಗಿತ್ತು. ಅದರ ನೀರು ಹಣಕ್ಕೆ ಮಾರಾಟವಾಗುತ್ತಿತ್ತು. ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಡುವವನಿಗೆ ಸ್ವರ್ಗದಲ್ಲಿ ಅದಕ್ಕಿಂತ ಉತ್ತಮವಾದುದು ಸಿಗುವುದೆಂಬ ಸುವಾರ್ತೆಯನ್ನು ಪ್ರವಾದಿ(ಸ)ಯವರು ನೀಡಿದರು. ಹ. ಉಸ್ಮಾನ್(ರ)ರು ತಮ್ಮ ಸ್ವಂತ ಹಣದಿಂದ ಅದನ್ನು ಕೊಂಡು ವಕ್ಫ್ ಮಾಡಿದರು. ಇದರಲ್ಲಿ ಒಂದು ಸೂಕ್ಷ್ಮವಿದೆ. ಬಾವಿಯನ್ನು ಕೊಂಡವರ ಕೊಡಕ್ಕೂ ಇತರರ ಕೊಡಕ್ಕೂ ಅಲ್ಲಿ ವ್ಯತ್ಯಾಸವಿರಬಾರದೆಂಬುದು ಆ ಕರೆಯಲ್ಲೇ ಇದ್ದ ಷರತ್ತಾಗಿತ್ತು. ಅಂದರೆ ಕೊಟ್ಟವನು ಯಜಮಾನನಾಗಿ ಉಳಿಯಲಿಲ್ಲ, ಸಾಲಿನಲ್ಲಿ ಒಬ್ಬನಾದನು.

ನಿಮ್ಮ ಹಿತ್ತಿಲಿನ ಬಾವಿಯಲ್ಲಿ ಮೇ ತಿಂಗಳಿನಲ್ಲೂ ನೀರಿದ್ದರೆ ಅದು ನಿಮ್ಮ ಪಾಲಿನ ರೂಮಾ ಬಾವಿ. ಮಳೆಗಾಲದಲ್ಲಿ ಮಾಡಿನ ನೀರನ್ನು ಚರಂಡಿಗೆ ಬಿಡದೆ ಬಾವಿಗೆ ಇಂಗಿಸಿದರೆ ಕೊಡಲು ನಿಮ್ಮಲ್ಲಿ ಇನ್ನಷ್ಟು ಇರಬಹುದು.

ನಾವೇ ಏರಿಸಿದ ಬೆಲೆ

ಇನ್ನು ನಮ್ಮದೇ ಕೈಯಿಂದ ಬಂದ ಹೊರೆಯ ಬಗ್ಗೆ ಪ್ರಾಮಾಣಿಕವಾಗಿ ಮಾತಾಡೋಣ. ನಮ್ಮ ಕರಾವಳಿಯ ಯುವಕರು ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ಬೆವರು ಸುರಿಸಿ ಕುಟುಂಬಗಳನ್ನು ಮೇಲೆತ್ತಿದರು. ಆ ತ್ಯಾಗವನ್ನು ಯಾರೂ ಹಗುರಾಗಿ ಕಾಣಬಾರದು. ಆದರೆ ಆ ಹಣದ ಎಷ್ಟೋ ಪಾಲು ಜಮೀನಿಗೂ ಮಾರ್ಬಲ್ ನೆಲಕ್ಕೂ ಮದುವೆಯ ಹಾಲ್‌ಗೂ ಹೋಯಿತು. ಒಬ್ಬನು ಮದುವೆಗೆ ಸಾವಿರ ಜನರನ್ನು ಕರೆದನು. ಮುಂದಿನವನಿಗೆ ಐನೂರು ಜನರನ್ನು ಕರೆಯುವುದು ಅವಮಾನವೆನಿಸಿತು. ಊರಲ್ಲೇ ಉಳಿದು ದುಡಿಯುವವನು ಚಿನ್ನ ಅಡವಿಟ್ಟು, ಬಡ್ಡಿಯ ಬಲೆಗೆ ಬಿದ್ದು ಆ ಮಟ್ಟವನ್ನು ಮುಟ್ಟಲು ಹೊರಟನು. ಮೊದಲಿನವನು ಬಡವನಿಂದ ಒಂದು ಪೈಸೆಯನ್ನೂ ಕಸಿಯಲಿಲ್ಲ, ನಿಜ. ಆದರೆ ಬಡವನು ಬದುಕಲು ತೆರಬೇಕಾದ ಬೆಲೆಯನ್ನು ಅವನು ಏರಿಸಿದನು.

ಆಗಲೇ ಹೇಳಿದ ಅಬ್ದುರ್‍ರಹ್ಮಾನ್ ಬಿನ್ ಔಫ್(ರ)ರು ಸ್ವಲ್ಪ ಸಂಪಾದನೆಯಾದ ಮೇಲೆ ಮದುವೆಯಾದರು. ಪ್ರವಾದಿ(ಸ)ಯವರಿಗೆ ಅದು ತಿಳಿದದ್ದು ಅವರ ಮೈಮೇಲಿನ ಸುಗಂಧದ ಬಣ್ಣವನ್ನು ಕಂಡು ವಿಚಾರಿಸಿದಾಗ! ಅಲ್ಲಾಹನ ಪ್ರವಾದಿ(ಸ)ಯವರು ಅದೇ ಪಟ್ಟಣದಲ್ಲಿದ್ದರೂ ಅವರಿಗೆ ಆಮಂತ್ರಣವಿರಲಿಲ್ಲ. ಅವರು ಮುನಿಸಿಕೊಳ್ಳಲೂ ಇಲ್ಲ. ಪ್ರಾರ್ಥಿಸಿ, ಒಂದು ಆಡನ್ನಾದರೂ ಕೊಯ್ದು ವಲೀಮಾ ಮಾಡುವಂತೆ ಸೂಚಿಸಿದರು. ಕರೆಯೋಲೆ ಬಂದಿಲ್ಲವೆಂದು ವರ್ಷಗಟ್ಟಲೆ ಮಾತು ಬಿಡುವ ನಾವು ಇದರಿಂದ ಕಲಿಯಬೇಕಾದುದಿದೆ. ನೀವು ಮುನಿಸಿಕೊಳ್ಳುವುದಿಲ್ಲವೆಂಬ ಖಾತ್ರಿ ಇದ್ದರೆ ನಿಮ್ಮ ಬಡ ಸಂಬಂಧಿಕನ ಖರ್ಚಿನಲ್ಲಿ ಒಂದು ದೊಡ್ಡ ಪಾಲು ಅಂದೇ ಕಡಿಮೆಯಾಗುತ್ತದೆ.

ಅಲ್ಲಾಹನ ನಿಜ ದಾಸರು ಖರ್ಚು ಮಾಡುವಾಗ ದುಂದುಗಾರಿಕೆಗೂ ಜಿಪುಣತನಕ್ಕೂ ಇಳಿಯದೆ ಮಧ್ಯಮ ಮಾರ್ಗದಲ್ಲಿರುತ್ತಾರೆಂದು ಪವಿತ್ರ ಕುರ್‌ಆನ್ ಅಲ್‌ಫುರ್ಕಾನ್ ಅಧ್ಯಾಯದಲ್ಲಿ ಕಲಿಸುತ್ತದೆ. ಇದನ್ನು ನಾವು ಕೇವಲ ಸ್ವಂತ ಉಳಿತಾಯದ ಪಾಠವೆಂದು ಓದಿದ್ದೇವೆ. ಮಿತವಾಗಿ ಬದುಕುವವನು ತನ್ನ ನೆರೆಯವನಿಗೂ ಮಿತವಾಗಿ ಬದುಕುವ ಧೈರ್ಯವನ್ನು ಕೊಡುತ್ತಾನೆ. ಅದೂ ಒಂದು ದಾನವೇ.

ಎಲ್ಲಿಂದ ಆರಂಭಿಸೋಣ?

ಪ್ರಿಯ ಓದುಗರೇ, ನಗರವನ್ನು ಬದಲಿಸಲು ನಮ್ಮಿಂದಾಗದು. ಆದರೆ ನಮ್ಮ ಗೋಡೆಯ ಆಚೆಗಿರುವ ಮನೆ ನಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ನೀವು ಮನೆಯ ಮಾಲಕರಾಗಿದ್ದರೆ ಕರಾರು ನವೀಕರಿಸುವ ಮೊದಲು ಒಮ್ಮೆ ಆ ಮನೆಗೆ ಹೋಗಿ ಕುಳಿತು, ಮಕ್ಕಳ ಓದು ಹೇಗಿದೆ, ಕೆಲಸ ಹೇಗಿದೆ ಎಂದು ವಿಚಾರಿಸಿರಿ. ಆ ಬಳಿಕ ನಿಮ್ಮ ಅಂತಃಸಾಕ್ಷಿ ಒಪ್ಪುವ ಬಾಡಿಗೆಯನ್ನು ಹೇಳಿರಿ. ವ್ಯಾಪಾರಿಯಾಗಿದ್ದರೆ ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಸಮಯ ಕೊಡಿರಿ. ಅಂತಹವನಿಗೆ ಬೇರಾವ ನೆರಳೂ ಇಲ್ಲದ ದಿನ ಅಲ್ಲಾಹನು ನೆರಳು ನೀಡುವನೆಂಬ ವಾಗ್ದಾನವಿದೆ. ಮಸೀದಿಯ ಆಡಳಿತದಲ್ಲಿದ್ದರೆ ಗುಮ್ಮಟಕ್ಕೆ ಬಣ್ಣ ಬಳಿಯುವ ಮೊದಲು ಮೊಹಲ್ಲಾದ ಬಡ್ಡಿರಹಿತ ಸಾಲದ ನಿಧಿಯ ಬಗ್ಗೆ ಯೋಚಿಸಿರಿ. ಇವೊಂದೂ ನಿಮ್ಮ ಕೈಯಲ್ಲಿಲ್ಲವಾದರೆ ಪ್ರವಾದಿ(ಸ)ಯವರು ಹ. ಅಬೂ ದರ್ರ್(ರ)ರಿಗೆ ಕಲಿಸಿದ್ದನ್ನು ನೆನಪಿಸಿಕೊಳ್ಳಿರಿ: ಸಾರು ಮಾಡುವಾಗ ಸ್ವಲ್ಪ ನೀರು ಹೆಚ್ಚು ಹಾಕಿ ನೆರೆಯವನಿಗೂ ಕೊಡುವುದು. ಅದಕ್ಕಿಂತ ಅಗ್ಗದ ಪುಣ್ಯ ಯಾವ ಪೇಟೆಯಲ್ಲಿ ಸಿಕ್ಕೀತು?

ಒಂದು ದಿನ ನಾವೆಲ್ಲರೂ ಬಾಡಿಗೆ ಮನೆಯಂತಿರುವ ಈ ಲೋಕವನ್ನು ಬಿಡಲಿಕ್ಕಿದೆ. ನಮ್ಮ ಕರಾರಿನ ಅವಧಿ ಎಷ್ಟು ತಿಂಗಳೆಂದು ನಮಗೆ ತಿಳಿದಿಲ್ಲ. ನಿಜವಾದ ಮಾಲಕನು ಇಷ್ಟು ವರ್ಷ ನಮ್ಮಿಂದ ಗಾಳಿಗೆ, ಬೆಳಕಿಗೆ, ನೀರಿಗೆ ಬಾಡಿಗೆ ಕೇಳಲಿಲ್ಲ. ಅಂದು ಅವನ ಮುಂದೆ ನಿಂತಾಗ, ನಮ್ಮ ಬಲಗಡೆ ನಿಂತಿದ್ದ ಆ ಸಹೋದರನು ನಮ್ಮ ವಿರುದ್ಧ ದೂರುದಾರನಾಗಿ ಬರದಿರಲಿ, ನಮ್ಮ ಪರವಾಗಿ ಸಾಕ್ಷಿಯಾಗಿ ಬರಲಿ.

ಅಲ್ಲಾಹನು ನಮ್ಮ ಮನೆಗಳನ್ನು ವಿಶಾಲಗೊಳಿಸಲಿ, ಅದಕ್ಕಿಂತ ಮೊದಲು ನಮ್ಮ ಹೃದಯಗಳನ್ನು ವಿಶಾಲಗೊಳಿಸಲಿ. ನಮ್ಮ ಸಂಪಾದನೆಯಲ್ಲಿ ಬರಕತ್ ನೀಡಲಿ. ನಮ್ಮನ್ನು ಉತ್ತಮ ನೆರೆಯವರನ್ನಾಗಿ ಮಾಡಲಿ. ಆಮೀನ್.